ಹಳದಿ ಬಿದ್ದ ಲಾನ್‌ಗೆ ಏನಾದ್ರೂ ಸುರಿಯೋ ಮುಂಚೆ ಒಂದು ಚದರಡಿ ಅಗೆದು ನೋಡಿ

ಮೇಡಂ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ನಾಗರಬಾವಿ ಕಡೆ ಮನೆ, ಮುಂದೆ ಸುಮಾರು 600 ಚದರಡಿ ಲಾನ್, ಮಳೆ ಶುರುವಾದ್ಮೇಲೂ ಅಲ್ಲಲ್ಲಿ ತಟ್ಟೆಯಗಲ ಹಳದಿ ಬೀಳ್ತಿದೆ, ಮಾಲಿ ನೋಡಿ ಯೂರಿಯಾ ಜೊತೆ ಫೋರೇಟ್ ಅನ್ನೋ ಕೀಟನಾಶಕ ಗುಳಿಗೆ ಎರಚೋಣ ಅಂದಿದಾನೆ, ಮನೇಲಿ ಚಿಕ್ಕ ಮಗು, ನಾಯಿ ಎರಡೂ ಇರೋದ್ರಿಂದ ಕೆಮಿಕಲ್ ಬೇಡ, ಹಿತ್ತಲಲ್ಲಿ ಒಂದಿಷ್ಟು ತರಕಾರಿನೂ ಬೆಳೀಬೇಕು ಅಂತ ಕೇಳಿದೀರ. ಮೇಲಿನ ಕಾಮೆಂಟ್‌ಗಳಲ್ಲಿ ಮೂರ್ನಾಲ್ಕು ಜನ ಜೀವಾಮೃತ (ಸೆಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ ನೀರು) ಹಾಕಿ ಎಲ್ಲಾ ಸರಿಹೋಗತ್ತೆ ಅಂದಿದಾರೆ. ನಾನೇನೂ ಜೀವಾಮೃತದ ವಿರೋಧಿ ಅಲ್ಲ, ಆದ್ರೆ ಹಳದಿ ಯಾಕೆ ಬಿತ್ತು ಅಂತಾನೇ ಗೊತ್ತಿಲ್ದೆ ಅದನ್ನ ಹಾಕೋದಕ್ಕೂ ಯೂರಿಯಾ ಹಾಕೋದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಎರಡೂ ಕತ್ತಲಲ್ಲಿ ಕಲ್ಲು ಹೊಡ್ದಂಗೇ.

ಮೊದಲು ಫೋರೇಟ್ ವಿಷಯ. ಅದು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದಲೇ ಪೂರ್ತಿ ನಿಷೇಧ ಆಗಿರೋ ಔಷಧಿ. ಯಾರ ಹತ್ರಾನೋ ಹಳೇ ಸ್ಟಾಕ್ ಇದೆ ಅಂತ ತಂದು ಎರಚಿದ್ರೆ ಮಗು ಬರಿಗಾಲಲ್ಲಿ ಓಡಾಡೋ ಜಾಗದಲ್ಲಿ, ನಾಯಿ ಮೂಸೋ ಜಾಗದಲ್ಲಿ ವಿಷ ಹಾಕ್ದಂಗೆ. ಮಾಲಿಗೆ ಖಡಾಖಂಡಿತ ಬೇಡ ಅನ್ನಿ, ಸಂಕೋಚ ಏನೂ ಬೇಡ. ಕಳೆಗೆ ಅಂತ ಗ್ಲೈಫೋಸೇಟ್ ಹೊಡೀತೀನಿ ಅಂದ್ರೂ ಒಪ್ಕೋಬೇಡಿ, ಅದು ಕಳೆ ಜೊತೆ ಲಾನನ್ನೂ ಸುಡತ್ತೆ.

ಈಗ ಮಾಡ್ಬೇಕಾದ ಕೆಲಸ ಇದು. ಹಳದಿ ಬಿದ್ದಿರೋ ಜಾಗದ ನಡುವೆ ಅಲ್ಲ, ಅಂಚಿಗೆ ಹೋಗಿ, ಅಂದ್ರೆ ಹಸಿರು ಹಳದಿ ಸೇರೋ ಕಡೆ, ಹುಲ್ಲನ್ನ ಮುಷ್ಟೀಲಿ ಹಿಡ್ದು ಮೇಲಕ್ಕೆ ಎಳೀರಿ. ಬೇರು ಒಂಚೂರೂ ಇಲ್ದೆ ಸಲೀಸಾಗಿ ಪದರದ ಹಾಗೆ ಎದ್ದು ಬಂತು ಅಂದ್ರೆ ಕೆಳಗೆ ಬೇರು ತಿನ್ನೋ ಗೊಣ್ಣೆ ಹುಳ ಇರೋ ಸಾಧ್ಯತೆ ಜಾಸ್ತಿ. ಅಲ್ಲೇ ಒಂದಡಿ ಉದ್ದ ಒಂದಡಿ ಅಗಲ, ನಾಲ್ಕು ಇಂಚು ಆಳಕ್ಕೆ ಹುಲ್ಲು ಸಮೇತ ಹೆಂಟೆ ಎತ್ತಿ ಹಳೇ ಪೇಪರ್ ಮೇಲೆ ಮಣ್ಣು ಉದುರಿಸಿ. ಗೊಣ್ಣೆ ಹುಳ ಆದ್ರೆ ಕೆನೆ ಬಣ್ಣದ ಮೈ, ಕಂದು ತಲೆ, ಮುಂದುಗಡೆ ಮೂರು ಜೊತೆ ಕಾಲು, ಹಿಂದುಗಡೆ ತಿಂದ ಮಣ್ಣು ಚರ್ಮದೊಳಗಿಂದ ಕಪ್ಪಗೆ ಕಾಣ್ತಿರತ್ತೆ, ಮುಟ್ಟಿದ್ರೆ ಅರ್ಧಚಂದ್ರದ ಹಾಗೆ ಮುದುಡ್ಕೊಳತ್ತೆ. ಒಂದೋ ಎರಡೋ ಸಿಕ್ರೆ ತಲೆ ಕೆಡಿಸ್ಕೋಬೇಡಿ, ಯಾವ ಮಣ್ಣಲ್ಲಾದ್ರೂ ಅಷ್ಟು ಇರತ್ತೆ. ಆರೇಳು ಸಿಕ್ರೆ ಮಾತ್ರ ಉಪಚಾರ ಮಾಡ್ಬೇಕು. ಬೆಳಿಗ್ಗೆ ಗೊರವಂಕ, ಕಾಗೆ ಬಂದು ಅದೇ ಜಾಗ ಕೆದಕ್ತಾ ಇದ್ರೆ ಅದೂ ಒಂದು ಗುರುತು.

ಗೊಣ್ಣೆ ಹುಳ ಅಂದ್ರೆ ದುಂಬಿಯ ಮರಿ. ಏಪ್ರಿಲ್ ಮೇ ತಿಂಗಳ ಮೊದಲ ಜೋರು ಮಳೆಗೆ ದೊಡ್ಡ ದುಂಬಿಗಳು ಸಂಜೆ ಕತ್ತಲಾಗ್ತಿದ್ದಂಗೆ ಮಣ್ಣಿಂದ ಎದ್ದು ಬೇವಿನ ಮರಕ್ಕೋ ಇನ್ಯಾವ ಮರಕ್ಕೋ ಹೋಗಿ ಎಲೆ ತಿಂದು ವಾಪಸ್ ಮಣ್ಣಿಗೆ ಬಂದು ಮೊಟ್ಟೆ ಇಡ್ತವೆ. ಮರಿಗಳು ಜುಲೈಯಿಂದ ಸೆಪ್ಟೆಂಬರ್‌ವರೆಗೂ ಬೇರು ತಿನ್ಕೊಂಡು ಕೊಬ್ತವೆ. ಅದಕ್ಕೇ ಮಳೆ ಬಂದ್ರೂ ಹುಲ್ಲು ಒಣಗೋದು, ನೀರು ಎಳೆಯೋಕೆ ಬೇರೇ ಇರಲ್ವಲ್ಲ. ಇದಕ್ಕೆ ಮೆಟಾರೈಜಿಯಂ ಅನ್ನೋ ಶಿಲೀಂಧ್ರದ ಪುಡಿ ಒಳ್ಳೇದು, ಮರಿ ಸಣ್ಣದಿದ್ದಾಗ ಹಾಕಿದ್ರೆ ಇನ್ನೂ ಚೆನ್ನಾಗಿ ಹಿಡಿಯತ್ತೆ, ಆಷಾಢದ ತೇವ ಇರೋ ಈಗ ಟೈಮ್ ಸರಿಯಾಗಿದೆ. 100 ಗ್ರಾಂ ಪುಡಿನ 5 ಕೆಜಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಕಲಸಿ, ನೆರಳಲ್ಲಿ ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರ ಬಿಟ್ಟು, ಸಂಜೆ ಹೊತ್ತು ಲಾನ್ ಮೇಲೆ ಎರಚಿ ನೀರು ಕೊಡಿ. ಮಾರನೇ ದಿನವೇ ಹುಳ ಸಾಯಲ್ಲ, ವಾರಗಟ್ಲೆ ಹಿಡಿಯತ್ತೆ, ಸತ್ತ ಹುಳದ ಮೈಮೇಲೆ ಹಸಿರು ಬೂಸ್ಟು ಬಂದಿದ್ರೆ ಕೆಲಸ ಆಗಿದೆ ಅಂತ ಅರ್ಥ. ಹೆಬ್ಬಾಳದಲ್ಲಿರೋ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ, ಎನ್‌ಬಿಎಐಆರ್ ಅಂತಾರಲ್ಲ, ಅವರು ಗೊಣ್ಣೆ ಹುಳ ಕೊಲ್ಲೋ ಒಳ್ಳೇ ಜಾತಿ ನೆಮಟೋಡ್ (ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳ) ಪುಡಿನೂ ತಯಾರಿಸಿದಾರೆ, ನಿಮಗೆ ಅದು ಹತ್ರಾನೇ, ವಿಚಾರಿಸಿ ನೋಡಿ. ಜೊತೆಗೆ 3-4 ಕೆಜಿ ಬೇವಿನ ಹಿಂಡಿ ಇಡೀ ಲಾನ್‌ಗೆ ಸಾಕು.

ಎಳೆದಾಗ ಹುಲ್ಲು ಗಟ್ಟಿಯಾಗಿ ಕೂತಿದ್ರೆ ಹುಳ ಅಲ್ಲ. ಆಗ ನಾಯಿ ಕಡೆ ನೋಡಿ. ನಡುವೆ ಒಣ ಹಳದಿ, ಸುತ್ತ ಕಡು ಹಸಿರು ಉಂಗುರ ಇದ್ರೆ ಅದು ಉಚ್ಚೆ ಕೆಲಸ, ಸಾರಜನಕ ಅತಿಯಾಗಿ ಸುಟ್ಟಿರತ್ತೆ. ಅಂಥ ಜಾಗಕ್ಕೆ ಯೂರಿಯಾ ಹಾಕಿಬಿಟ್ರೆ ಗಾಯಕ್ಕೆ ಉಪ್ಪು ಸವರಿದಂಗೆ. ಎರಡು ಮೂರು ಬಕೆಟ್ ನೀರು ಹೊಯ್ದು ಇಳಿಸಿ, ನಾಯಿಗೆ ಒಂದು ಮೂಲೇಲಿ ಜಲ್ಲಿನೋ ಮರಳೋ ಹಾಕಿ ಅಭ್ಯಾಸ ಮಾಡ್ಸಿ, ಅಷ್ಟೆ.

ಮೂರನೇದು, ಬೆಂಗಳೂರಲ್ಲಿ ಅತಿ ಹೆಚ್ಚು ಕಾಣೋದು ಇದೇ, ಹುಲ್ಲಿನ ಕೆಳಗೆ ಮಣ್ಣೇ ಇರಲ್ಲ. ಮನೆ ಕಟ್ಟಿ ಮುಗಿದ್ಮೇಲೆ ಉಳಿದ ಸಿಮೆಂಟ್ ಚೂರು, ಜಲ್ಲಿ, ಇಟ್ಟಿಗೆ ಪುಡಿ ಎಲ್ಲಾ ಮಟ್ಟ ಮಾಡಿ ಮೇಲೆ ಎರಡಿಂಚು ಕೆಮ್ಮಣ್ಣು ಎಳೆದು ನರ್ಸರಿಯಿಂದ ತಂದ ಹುಲ್ಲಿನ ತುಂಡು ಹಾಸಿ ಫೋಟೋ ತೆಗ್ದು ದುಡ್ಡು ಇಸ್ಕೊಂಡು ಹೋಗ್ತಾರೆ. ಉದ್ದದ ಸ್ಕ್ರೂಡ್ರೈವರ್ ತಗೊಂಡು ಒದ್ದೆ ಲಾನ್‌ಗೆ ಚುಚ್ಚಿ. ಐದಾರು ಇಂಚು ಸಲೀಸಾಗಿ ಇಳಿದ್ರೆ ಮಣ್ಣು ಸರಿಯಿದೆ, ಎರಡಿಂಚಿಗೇ ಟಕ್ ಅಂತ ನಿಂತ್ರೆ ಕೆಳಗಿರೋದು ಡೆಬ್ರಿಸ್. ಸಿಮೆಂಟ್ ಸುಣ್ಣದಿಂದ ಮಣ್ಣು ಕ್ಷಾರ ಆಗಿ ಗಿಡಕ್ಕೆ ಕಬ್ಬಿಣ ಸಿಗಲ್ಲ, ಗಡಸು ಬೋರ್‌ವೆಲ್ ನೀರೂ ಸೇರಿದ್ರೆ ಎಳೇ ಎಲೆ ಹಳದಿ, ನರ ಮಾತ್ರ ಹಸಿರು ಕಾಣತ್ತೆ. ಅದಕ್ಕೆ ಗಾರ್ಡನ್ ಫೋರ್ಕ್‌ನಲ್ಲಿ ಗೇಣಿಗೊಂದು ಚುಚ್ಚಿ, ಜರಡಿ ಹಿಡಿದ ಎರೆಗೊಬ್ಬರ ಎರಡು ಮೂರು ಚೀಲ ಹುಲ್ಲಿನ ತುದಿ ಮುಚ್ಚದ ಹಾಗೆ ತೆಳ್ಳಗೆ ಹರಡಿ ಪೊರಕೇಲಿ ತೂತಿಗೆ ಇಳಿಸಿ. ವರ್ಷಕ್ಕೆರಡು ಸಲ, ಮುಂಗಾರಲ್ಲಿ ಒಂದು, ಹಿಂಗಾರಲ್ಲಿ ಒಂದು. ಸುಧಾರಿಸೋಕೆ ವರ್ಷ ಒಪ್ಪತ್ತು ಬೇಕು, ಸಾವಯವದಲ್ಲಿ ಶಾರ್ಟ್‌ಕಟ್ ಇಲ್ಲ.

ಕಟಾವಿನ ವಿಷಯ ಚಿಕ್ಕದಾಗಿ. ನಮ್ಮ ಮಾಲಿಗಳು ಲಾನ್ ಅಂದ್ರೆ ಬೋಳು ಹೊಡೆಯೋದು ಅಂದ್ಕೊಂಡಿದಾರೆ. ಒಂದೂವರೆ ಎರಡಿಂಚು ಎತ್ತರ ಬಿಡ್ಸಿ, ಒಂದು ಸಲಕ್ಕೆ ಎತ್ತರದ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ತೆಗೀಬಾರ್ದು. ಕತ್ತರಿಸಿದ ಹುಲ್ಲು ಸಣ್ಣದಿದ್ರೆ ಅಲ್ಲೇ ಬಿಡಿ, ಅದೇ ಗೊಬ್ಬರ. ಜೇಕು ಅನ್ನೋ ಕಳೆ ಬಂದಿದ್ರೆ ಮೇಲಿಂದ ಕಿತ್ರೆ ಏನೂ ಪ್ರಯೋಜನ ಇಲ್ಲ, ಕೆಳಗೆ ಗೆಡ್ಡೆ ಸರಪಳಿ ಇರತ್ತೆ, ಮಳೆ ಬಿದ್ದ ಮಾರನೇ ದಿನ ಮಣ್ಣು ಸಡಿಲ ಇದ್ದಾಗ ಗೆಡ್ಡೆ ಸಮೇತ ಎಬ್ಬಿಸ್ಬೇಕು, ಪದೇ ಪದೇ. ಹೊನಗೊನ್ನೆ, ಗೋಣಿಸೊಪ್ಪು ಬಂದಿದ್ರೆ ಕಳೆ ಅಂತ ಬಿಸಾಡ್ಬೇಡಿ, ಬಸ್ಸಾರು ಮಾಡಿ. (ನಾಯಿ ಓಡಾಡದ ಕಡೆದು ಮಾತ್ರ!)

ಈಗ ನೀವು ಕೇಳ್ದೇ ಇರೋ ಸಲಹೆ ಒಂದು. ನಿಮ್ಮ ಫೋಟೋ ನೋಡಿದ್ರೆ ಹಿತ್ತಲಲ್ಲಿ ಪಕ್ಕದ ಮನೆಯ ಮೂರು ಫ್ಲೋರ್ ಗೋಡೆ ನೆರಳು, ಕಾಂಪೌಂಡಿನ ಮಧ್ಯೆ ನಾಲ್ಕಡಿ ಜಾಗ. ಮುಂದುಗಡೆ ಲಾನ್‌ಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಬಿಸಿಲು. ಬದನೆ, ಬೆಂಡೆ, ಟೊಮ್ಯಾಟೊಗೆ ದಿನಕ್ಕೆ ಆರು ಗಂಟೆನಾದ್ರೂ ನೇರ ಬಿಸಿಲು ಬೇಕು. ತರಕಾರಿ ಹಿತ್ತಲಲ್ಲೇ ಇರ್ಬೇಕು, ಲಾನ್ ಮುಂದೇನೇ ಇರ್ಬೇಕು ಅಂತ ರೂಲ್ಸ್ ಏನಿಲ್ಲ. ಮಗು ಆಡೋಕೆ 250 ಚದರಡಿ ಹುಲ್ಲು ಉಳಿಸ್ಕೊಳಿ, ಉಳಿದ ಬಿಸಿಲಿನ ಜಾಗ ತರಕಾರಿಗೆ ಕೊಡಿ, ಹಿತ್ತಲ ತಂಪಲ್ಲಿ ಒಂದೆಲಗ, ದೊಡ್ಡಪತ್ರೆ ಹಬ್ಬಿಸಿ. ಒಂದೆಲಗ ಅಂತೂ ತೇವ ನೆರಳಲ್ಲಿ ನೆಲ ಪೂರ್ತಿ ಮುಚ್ಚತ್ತೆ, ಕಟಾವೇ ಬೇಡ, ತಂಬುಳಿಗೂ ಆಯ್ತು.

ನೀರಿನ ಲೆಕ್ಕ ಹಾಕಿದ್ರೂ ಇದೇ ಸರಿ. ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್. ಮಾರ್ಚ್ ಏಪ್ರಿಲ್‌ನಲ್ಲಿ ಲಾನ್ ಹಸಿರಾಗಿರ್ಬೇಕು ಅಂದ್ರೆ ದಿನಕ್ಕೆ ಮೂರು ನಾಲ್ಕು ಮಿಲಿಮೀಟರ್ ಬೇಕು, 600 ಚದರಡಿ ಅಂದ್ರೆ ಸುಮಾರು 56 ಚದರ ಮೀಟರ್, ಹತ್ತಿರ ಹತ್ತಿರ 200 ಲೀಟರ್ ದಿನಾ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ಜಲಮಂಡಳಿ ಗಾರ್ಡನ್‌ಗೆ ಕುಡಿಯೋ ನೀರು ಬಿಟ್ರೆ 5,000 ರೂಪಾಯಿ ದಂಡ ಅಂದಿದ್ದು ಮರೆತಿಲ್ಲ ತಾನೇ. ಬೇಸಿಗೇಲಿ ಲಾನ್ ಕಂದು ಬಣ್ಣಕ್ಕೆ ತಿರುಗಿದ್ರೆ ಬಿಟ್ಬಿಡಿ, ಗರಿಕೆ ಜಾತಿ ಆದ್ರಂತೂ ಮಳೆ ಬಿದ್ರೆ ತಾನೇ ಎದ್ದು ಬರತ್ತೆ. ತರಕಾರಿ ಪಾತಿಗೆ ಮಾತ್ರ ಅಡುಗೆಮನೆಯ ಅಕ್ಕಿ ಬೇಳೆ ತೊಳೆದ ನೀರು ತಿರುಗಿಸ್ಕೊಳಿ.

ಲಾನ್ ಇರೋ ಜಾಗ ಪಾತಿ ಮಾಡೋಕೆ ಹುಲ್ಲು ಹೆಂಟೆ ಹೆಂಟೆಯಾಗಿ ಎತ್ತಿ ಬೇರು ಮೇಲೆ ಬರೋ ಹಾಗೆ ಮಗುಚಿ, ಅದರ ಮೇಲೆ ಟೇಪ್ ಕಿತ್ತ ರಟ್ಟಿನ ಡಬ್ಬ ಬಿಚ್ಚಿ ಹಾಸಿ ನೆನೆಸಿ, ಮೇಲೆ ಐದಾರು ಇಂಚು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ ಸಮ ಸಮ. ಗೊಬ್ಬರ ಕೈಗೆ ತಗೊಂಡ್ರೆ ಬಿಸಿ ಇರ್ಬಾರ್ದು, ಸೆಗಣಿ ವಾಸನೆ ಹೊಡೀಬಾರ್ದು. ಅದರಲ್ಲಿ ದಪ್ಪ ಬಿಳಿ ಹುಳ ಕಂಡ್ರೆ ಗಾಬರಿ ಬೇಡ, ನೆಲದ ಮೇಲೆ ಬಿಟ್ಟು ನೋಡಿ. ಬೆನ್ನು ಕೆಳಗೆ ಮಾಡಿ ಅಂಗಾತ ತೆವಳಿದ್ರೆ ಅದು ಹೂವಿನ ದುಂಬಿ ಮರಿ, ಗೊಬ್ಬರ ತಿನ್ನೋದು, ಬೇರಿನ ತಂಟೆಗೆ ಬರಲ್ಲ. ಲಾನ್ ಕತ್ತರಿಸಿದ ಹುಲ್ಲು ಜಾಸ್ತಿ ಆದಾಗ ಒಂದು ದಿನ ಬಿಸಿಲಿಗೆ ಒಣಗಿಸಿ ಪಾತಿಗೆ ಮುಚ್ಚಿಗೆ ಮಾಡಿ, ಹಸೀದೇ ದಪ್ಪಗೆ ಹಾಕಿದ್ರೆ ಕೊಳೆತು ನಾರತ್ತೆ.

ಜೀವಾಮೃತ ಇಲ್ಲಿಗೆ ಮಾಡ್ಕೊಳಿ. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಅವರ ಲೆಕ್ಕ ಎಕರೆಗೆ 200 ಲೀಟರ್, ಮನೆಗೆ ಹತ್ತರಲ್ಲೊಂದು ಪಾಲೂ ಜಾಸ್ತಿನೇ. 20 ಲೀಟರ್ ನೀರು, 1 ಕೆಜಿ ಸೆಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಔಷಧಿ ಬೀಳದ ಜಾಗದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಲ್ಲಿ ತಿರುಗಿಸಿ, ಎರಡು ಮೂರು ದಿನಕ್ಕೆ ರೆಡಿ, ಒಂದು ವಾರದೊಳಗೆ ಮುಗಿಸಿ. ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಮಾತ್ರ. ಕೊತ್ತಂಬರಿ, ಹಸಿಯಾಗಿ ತಿನ್ನೋ ಸೊಪ್ಪಿನ ಎಲೆ ಮೇಲೆ ಹೊಯ್ಬೇಡಿ, ಅದ್ರಲ್ಲಿರೋದು ಹಸಿ ಸೆಗಣಿ ಅನ್ನೋದು ನೆನಪಿರ್ಲಿ.

ಬೆಳೆ ಅಂದ್ರೆ ಈಗ ಟೊಮ್ಯಾಟೊ ಆಸೆ ಬಿಡಿ, ಮಳೇಲಿ ಅಂಗಮಾರಿ, ಬಿಳಿ ನೊಣ ಬಂದು ಮುಟುರು ರೋಗ, ಹೊಸಬರಿಗೆ ಬೇಜಾರಾಗೋಗತ್ತೆ. ಮಳೆ ಕಮ್ಮಿ ಆಗೋ ಹೊತ್ತಿಗೆ ಸಸಿ ರೆಡಿ ಇಟ್ಕೊಳಿ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕ ರಕ್ಷಕ್ ಹಾಕಿದ್ರೆ ಎಲೆ ಮುಟುರು, ಸೊರಗು ಎರಡನ್ನೂ ತಡ್ಕೊಳತ್ತೆ, ಆದ್ರೆ ಅದು ಹೈಬ್ರಿಡ್, ಬೀಜ ಎತ್ತಿಟ್ರೆ ಮುಂದಿನ ಸಲ ಅದೇ ಗಿಡ ಬರಲ್ಲ. ಈಗ ಹಾಕೋಕೆ ಹರಿವೆ, ದಂಟು, ಬೆಂಡೆ, ಹುರುಳಿಕಾಯಿ, ಕಾಂಪೌಂಡ್ ಉದ್ದಕ್ಕೂ ಅವರೆ. ಅವರೆ ಬೀಜ ತಗೋವಾಗ ಕೇಳಿ ತಗೊಳಿ. ಕೃಷಿ ವಿವಿಯ ಹೆಬ್ಬಾಳ ಅವರೆ 3, 4 ತಳಿ ವರ್ಷ ಪೂರ್ತಿ ಹೂ ಬಿಡತ್ತೆ, ಗಿಡವೂ ಗಿಡ್ಡ. ಹಳೇ ನಾಟಿ ಬಳ್ಳಿ ಅವರೆ ಹಗಲು ಚಿಕ್ಕದಾದಾಗ್ಲೇ ಹೂ ಬಿಡೋದು, ಈಗ ಹಾಕಿದ್ರೆ ಧನುರ್ಮಾಸಕ್ಕೆ ಕಾಯಿ, ಆದ್ರೆ ಸೊಗಡು ಬೇಕು ಅಂದ್ರೆ ಅದೇ. ನನ್ನ ಓಟು ನಾಟಿಗೆ.

ಗಿಡಹೇನು, ಹಿಟ್ಟು ತಿಗಣೆಗೆ ಲೀಟರ್‌ಗೆ 5 ಎಂಎಲ್ ಬೇವಿನೆಣ್ಣೆ, ಒಂದೆರಡು ಎಂಎಲ್ ಸೋಪಿನ ದ್ರಾವಣ, ಎಲೆ ತಳಕ್ಕೆ ತಾಗೋ ಹಾಗೆ ಸಂಜೆ ಹೊಡೀರಿ, ಬಿಸಿಲಿಗೆ ಅದರ ಶಕ್ತಿ ಹೋಗತ್ತೆ. ಇರುವೆ ಸಾಲು ಗಿಡ ಹತ್ತಿದ್ರೆ ಮೊದಲು ಅದನ್ನ ತಡೀರಿ, ತಿಗಣೆಗೆ ಕಾವಲು ಕಾಯೋದೇ ಇರುವೆ. ಬದನೆ ಕುಡಿ ಬಾಗಿ ಒಣಗಿದ್ರೆ ಒಳಗೆ ಹುಳ ಕೂತಿರತ್ತೆ, ಎರಡಿಂಚು ಕೆಳಗೆ ಕತ್ತರಿಸಿ ಹಾಕಿ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಕುಟುಂಬ, ಒಂದರ ಜಾಗದಲ್ಲಿ ಇನ್ನೊಂದು ಹಾಕ್ಬೇಡಿ, ಮಧ್ಯೆ ಅವರೆಯೋ ಸೊಪ್ಪೋ ಬರ್ಲಿ. ಅಂಚಿಗೆ ಚೆಂಡುಹೂ ಇಟ್ರೆ ಬೇರಲ್ಲಿ ಗಂಟು ಕಟ್ಟೋ ರೋಗ ತಡೆಯೋಕೂ ಒಳ್ಳೇದು. ಇನ್ನು ವಿಡಿಯೋಗಳಲ್ಲಿ ಬರೋ ಬಾಳೆಸಿಪ್ಪೆ ನೀರು, ಮೊಟ್ಟೆಸಿಪ್ಪೆ ಪವಾಡ ಎಲ್ಲಾ ಕಾಂಪೋಸ್ಟ್‌ಗೆ ಹಾಕಿ. ಟೊಮ್ಯಾಟೊ ತಳ ಕಪ್ಪಾಗೋದು ಹೆಚ್ಚಾಗಿ ನೀರು ಒಂದು ದಿನ ಜಾಸ್ತಿ ನಾಲ್ಕು ದಿನ ಇಲ್ಲ ಅನ್ನೋ ಹಾಗೆ ಕೊಟ್ಟಾಗ, ಅದಕ್ಕೆ ಮೊಟ್ಟೆಸಿಪ್ಪೆ ಏನು ಮಾಡತ್ತೆ ಪಾಪ.

ನಾಯಿ ಇರೋದ್ರಿಂದ ಎರಡು ಎಚ್ಚರಿಕೆ ಖಂಡಿತಾ. ನರ್ಸರೀಲಿ ಸಾವಯವ ಗೊಬ್ಬರ ಅಂತ ಹರಳು (ಔಡಲ) ಹಿಂಡಿ ಕೊಟ್ರೆ ತರ್ಬೇಡಿ. ಅದರಲ್ಲಿ ರೈಸಿನ್ ಅನ್ನೋ ವಿಷ ಉಳಿದಿರಬಹುದು, ವಾಸನೆಗೆ ನಾಯಿ ಹುಡುಕ್ಕೊಂಡು ಹೋಗಿ ತಿನ್ನತ್ತೆ, ಪ್ರಾಣಕ್ಕೇ ಬರತ್ತೆ. ಚೀಲದ ಮೇಲೆ ಬರೀ ಮಿಶ್ರ ಹಿಂಡಿ ಅಂತ ಇದ್ರೂ ಏನೇನು ಮಿಶ್ರ ಅಂತ ಕೇಳಿ, ಬೇವು, ಹೊಂಗೆ ಹಿಂಡಿ ಬಿಡಿಯಾಗಿ ತಗೊಳಿ, ಅದನ್ನೂ ಮೇಲೆ ಎರಚಿ ಬಿಡದೆ ಮಣ್ಣಿಗೆ ಕಲಸಿ, ಚೀಲ ನಾಯಿಗೆ ಸಿಗದ ಹಾಗೆ ಎತ್ತಿಡಿ. ಎರಡನೇದು ಬಸವನಹುಳು. ಈ ಮಳೇಲಿ ದೊಡ್ಡ ಆಫ್ರಿಕನ್ ಬಸವನಹುಳು ಬಂದೇ ಬರತ್ತೆ, ಅಂಗಡೀಲಿ ಮೆಟಾಲ್ಡಿಹೈಡ್ ಗುಳಿಗೆ ಕೊಡ್ತಾರೆ, ಅದೂ ನಾಯಿಗೆ ವಿಷ. ಸಂಜೆ ಪಾತಿ ಪಕ್ಕ ಒದ್ದೆ ಗೋಣಿಚೀಲ ಹಾಸಿ ಕೆಳಗೆ ಪಪ್ಪಾಯಿ ಎಲೆನೋ ಕೋಸಿನ ಸಿಪ್ಪೆನೋ ಇಡಿ, ಬೆಳಿಗ್ಗೆ ಬೇಗ ಚೀಲ ಎತ್ತಿ, ಗ್ಲೌಸ್ ಹಾಕ್ಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಆ ಉಪ್ಪುನೀರನ್ನ ಮಾತ್ರ ಪಾತಿಗೆ ಚೆಲ್ಬೇಡಿ.