ಮುರಕಲ್ಲಿನ ಅಂಗಳಕ್ಕೆ ಯಾವ ಗಿಡ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ಪದವಿನಲ್ಲಿ (ಕಲ್ಲುನೆಲದ ಎತ್ತರದ ಬಯಲಿನಲ್ಲಿ) 12 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದ್ದೇವೆ. ಜೆಸಿಬಿಯಲ್ಲಿ ಸಮತಟ್ಟು ಮಾಡಿಸಿದ ಮೇಲೆ ಅಂಗಳದಲ್ಲಿ ಉಳಿದದ್ದು ಬರೀ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಕಳೆದ ಜೂನ್‌ನಲ್ಲಿ ಒಂದೂವರೆ ಅಡಿ ಹೊಂಡ ತೋಡಿ, ಹಟ್ಟಿಗೊಬ್ಬರ ತುಂಬಿಸಿ ನೆಟ್ಟ ಸಂಪಿಗೆ, ನಂದಿಬಟ್ಟಲು ಎರಡೂ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲೇ ಬಾಡಿ ಸತ್ತವು. ಅಷ್ಟು ಮಳೆಯಲ್ಲಿ ಗಿಡ ಬಾಡುವುದು ಹೇಗೆ?

ಉತ್ತರ: ನೀರು ಹೆಚ್ಚಾದದ್ದಕ್ಕೇ ಬಾಡಿದೆ. ಮುರಕಲ್ಲಿನಲ್ಲಿ ತೋಡಿದ ಸಣ್ಣ ಹೊಂಡವೆಂದರೆ ಒಂದು ಬಾನಿ. ಅಂಗಳದ ನೀರೆಲ್ಲ ಅದಕ್ಕೆ ಇಳಿಯುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಗಾಳಿಯಾಡದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ನೀರಲ್ಲೇ ನಿಂತ ಗಿಡದ ಎಲೆ ಬಿಸಿಲಿಗೆ ಸಿಕ್ಕಿದಂತೆ ಜೋಲುತ್ತದೆ. ಸತ್ತ ಗಿಡವನ್ನು ಕಿತ್ತು ಒಂದು ಬೇರನ್ನು ಎರಡು ಬೆರಳಲ್ಲಿ ಎಳೆದು ನೋಡಿ. ಕಂದು ಸಿಪ್ಪೆ ಕೈಗೆ ಕಳಚಿ ಬಂದು ಒಳಗೆ ನೂಲಿನಂಥ ನಾರು ಉಳಿದರೆ ಅದು ಕೊಳೆತದ್ದೇ. ಗೊಬ್ಬರ ಹಸಿಯಾಗಿದ್ದರೆ ಅದೂ ಹೊಂಡದೊಳಗೆ ಕೊಳೆತು, ಇದ್ದ ಗಾಳಿಯನ್ನೂ ತಿಂದಿರುತ್ತದೆ.

ಈ ಸಲ ಹೊಂಡವನ್ನು ತುಲಾ ಮಳೆ (ಅಕ್ಟೋಬರ್-ನವೆಂಬರ್‌ನ ಹಿಂಗಾರು) ಮುಗಿಯುತ್ತಿದ್ದಂತೆ, ಕಲ್ಲಿನಲ್ಲಿ ಇನ್ನೂ ಪಸೆಯಿರುವಾಗಲೇ ತೋಡಿಸಿ. ಮುರಕಲ್ಲು ಬಿಸಿಲಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುತ್ತದೆ. ಏಪ್ರಿಲ್‌ನಲ್ಲಿ ಅದೇ ಕೆಲಸಕ್ಕೆ ಎರಡು ಪಾಲು ಕೂಲಿ. ಮರಕ್ಕೆ ಮೂರು ಅಡಿ ಉದ್ದ, ಅಗಲ, ಆಳ. ಪೊದೆಗಿಡಕ್ಕೆ ಎರಡು ಅಡಿ ಸಾಕು. ತಳವನ್ನು ಪಿಕ್ಕಾಸಿನಿಂದ ಇನ್ನೂ ಅರ್ಧ ಅಡಿ ಒಡೆದು ಬಿಡಿ. ಬಳಿಕ ನೀರಿನ ಪರೀಕ್ಷೆ ಮಾಡಿ. ಮೊದಲ ದಿನ ಒಂದು ಅಡಿ ನೀರು ತುಂಬಿಸಿ, ಕಲ್ಲು ಕುಡಿಯಲಿ. ಮರುದಿನ ಮತ್ತೆ ಅಷ್ಟೇ ತುಂಬಿಸಿ. ಮೂರನೆಯ ದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಹೊಂಡದಲ್ಲಿ ಹಾಗೆಯೇ ನೆಡಬೇಡಿ. ಜಾಗ ಇಳಿಜಾರಾಗಿದ್ದರೆ ಹೊಂಡದ ತಳದಿಂದ ಕೆಳಗಿನ ಕಡೆಗೆ ಕಣಿ (ಸಣ್ಣ ಕಾಲುವೆ) ಕಡಿಸಿ. ಸಮತಟ್ಟಾದಲ್ಲಿ ಹೊಂಡದ ಆಸೆ ಬಿಟ್ಟು, ನಾಲ್ಕೈದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿ. ನಾಲ್ಕು ತಿಂಗಳಲ್ಲಿ 2500 ಮಿ.ಮೀ. ಮೀರಿ ಸುರಿಯುವ ಊರಿದು. ಮೊದಲು ನೀರಿಗೆ ದಾರಿ ಮಾಡಿಕೊಡಿ, ಗಿಡದ ಆಯ್ಕೆ ಆಮೇಲೆ.

ತುಂಬಿಸಲು ಮೇಲ್ಮಣ್ಣು ಮೂರು ಪಾಲು, ಪುಡಿಯಾಗುವಷ್ಟು ಕಳಿತ ಹಟ್ಟಿಗೊಬ್ಬರ ಒಂದು ಪಾಲು. ಸುಡುಮಣ್ಣು ಇದ್ದರೆ ಒಂದೆರಡು ಬುಟ್ಟಿ ಸೇರಿಸಿ. ಮಣ್ಣು ಮಳೆಗೆ ತಗ್ಗುತ್ತದೆ, ಆದ್ದರಿಂದ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ತುಂಬಿಸಿ. ತೆಂಗಿನ ಹೊಂಡಕ್ಕೆ ಕಲ್ಲು ಮೆತ್ತಗಾಗಲೆಂದು ಆರು ತಿಂಗಳ ಮೊದಲೇ 2 ಕಿಲೋ ಉಪ್ಪು ಹಾಕುವ ಕ್ರಮವಿದೆ. ತೆಂಗು ಉಪ್ಪನ್ನು ತಡೆಯುತ್ತದೆ, ಸಂಪಿಗೆ ತಡೆಯದು. ಯಾರಾದರೂ ಹೇಳಿದರೆಂದು ಎಲ್ಲ ಹೊಂಡಕ್ಕೂ ಸುರಿಯಬೇಡಿ.

ಪತ್ತನಾಜೆ (ಮೇ 24ರ ಸುಮಾರಿಗೆ ಬರುವ ತುಳುನಾಡಿನ ವಿಶೇಷ ದಿನ) ಕಳೆದು ಎರಡು ಮೂರು ಒಳ್ಳೆಯ ಮಳೆ ಬಿದ್ದ ಮೇಲೆ ನೆಡಿ. ಆಗ ತಪ್ಪಿದರೆ ಜುಲೈ ಬೇಡ, ಸೆಪ್ಟೆಂಬರ್‌ಗೆ ಕಾಯಿರಿ. ಗಿಡದ ತೊಟ್ಟೆಯನ್ನು (ಪ್ಲಾಸ್ಟಿಕ್ ಚೀಲವನ್ನು) ಪೂರ್ತಿ ಬಿಡಿಸಿ. ತಳದಲ್ಲಿ ಬೇರು ಸಿಂಬೆಯಂತೆ ಸುತ್ತಿಕೊಂಡಿದ್ದರೆ ಆ ಸುತ್ತನ್ನು ಕತ್ತರಿಸಿ, ಇಲ್ಲದಿದ್ದರೆ ಮರವಾದ ಮೇಲೂ ಗಾಳಿಗೆ ಅಲುಗಾಡುತ್ತದೆ. ತೊಟ್ಟೆಯಲ್ಲಿದ್ದ ಮಣ್ಣಿನ ಮಟ್ಟಕ್ಕಿಂತ ಆಳಕ್ಕೆ ಹೂಳಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಬುಡಕ್ಕೆ ತರಗೆಲೆ ಅಥವಾ ಅಡಿಕೆ ಸಿಪ್ಪೆಯ ಹೊದಿಕೆ ಬೇಕೇ ಬೇಕು. ಆದರೆ ಕಾಂಡದಿಂದ ಒಂದು ಗೇಣು ದೂರವಿರಲಿ, ತಾಗಿದರೆ ಒರಳೆ (ಗೆದ್ದಲು) ಹತ್ತುತ್ತದೆ.

ಪ್ರಶ್ನೆ: ಕುಂಬಳೆಯಲ್ಲಿ ಹೊಸ ಕಾಂಪೌಂಡಿನ ಬದಿಗೆ 30 ಅಡಿ ಉದ್ದಕ್ಕೆ ಕೇಪಳ ನೆಟ್ಟಿದ್ದೇವೆ. ಚಿಗುರೆಲ್ಲ ಹಳದಿ. ಯೂರಿಯಾ ಹಾಕಿದರೂ ಹಸಿರಾಗಲಿಲ್ಲ.

ಉತ್ತರ: ಹಳದಿ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದಿದೆಯೇ? ಹಾಗಿದ್ದರೆ ಅದು ಕಬ್ಬಿಣದ ಕೊರತೆ, ಯೂರಿಯಾದಿಂದ ಹೋಗುವಂಥದ್ದಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಗೋಡೆ ಕಟ್ಟುವಾಗ ಬುಡಕ್ಕೆ ಬಿದ್ದ ಸಿಮೆಂಟು, ಗಾರೆಯ ಚೂರು ಮಣ್ಣನ್ನು ಕ್ಷಾರವಾಗಿಸಿ ಆ ಕಬ್ಬಿಣವನ್ನು ಬೇರಿಗೆ ಸಿಗದ ಹಾಗೆ ಮಾಡುತ್ತದೆ. ಹುಳಿ ಮಣ್ಣಿನ ಗಿಡವಾದ ಕೇಪಳಕ್ಕೆ ಇದು ಬೇಗ ತಟ್ಟುತ್ತದೆ.

ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸಂಜೆ ಹೊತ್ತು ಚಿಗುರಿಗೆ ಸಿಂಪಡಿಸಿ. ಹದಿನೈದು ದಿನಕ್ಕೊಮ್ಮೆ, ಮೂರು ಸಲ. ಹೊಸ ಬಣ್ಣದ ಗೋಡೆಗೆ, ಟೈಲ್ಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಎಚ್ಚರ. ಇದು ತಾತ್ಕಾಲಿಕ ಅಷ್ಟೆ. ಮುಂದಿನ ಮಳೆಗೆ ಗಿಡಗಳನ್ನು ಮಣ್ಣಿನ ಗಡ್ಡೆ ಸಮೇತ ಎಬ್ಬಿಸಿ, ಒಂದೂವರೆ ಅಡಿ ಆಳದವರೆಗೆ ಕಸ ತೆಗೆದು ಗುಡ್ಡೆಯ ಮಣ್ಣು ತುಂಬಿಸಿ. ಗೋಡೆಯಿಂದ ಎರಡು ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟರೆ ನಿಮ್ಮ ಸಾಲಿಗೆ 16 ಗಿಡ ಬೇಕು. ಸುಣ್ಣ, ಬೂದಿ ಆ ಕಡೆಗೆ ಹಾಕಲೇಬೇಡಿ.

ಪ್ರಶ್ನೆ: ಮಂಜೇಶ್ವರದಲ್ಲಿ ಕಡಲ ಬದಿ ಮನೆ, ಹೊಯಿಗೆ (ಮರಳು) ನೆಲ. ಕಣಗಿಲೆ ನೆಡಬಹುದೇ? ಸಣ್ಣ ಮಕ್ಕಳಿದ್ದಾರೆ.

ಉತ್ತರ: ಉಪ್ಪು ಗಾಳಿಗೆ ಕಣಗಿಲೆ ಜಗ್ಗುವುದಿಲ್ಲ, ನಿಜ. ಆದರೆ ಎಲೆ, ಹೂ, ಕಾಂಡ ಎಲ್ಲವೂ ವಿಷ, ದನಕ್ಕೂ ವಿಷ. 2024ರ ಮೇ ತಿಂಗಳಲ್ಲಿ ಕೇರಳದ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಅದರ ಬಳಕೆ ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಮಕ್ಕಳಿರುವ ಮನೆಯಲ್ಲಿ ಬೇಡ. ಗಾಳಿ ಬರುವ ಬದಿಗೆ ಸುರಹೊನ್ನೆ ಒಂದಿರಲಿ, ಮನೆಯಿಂದ 25 ಅಡಿ ದೂರದಲ್ಲಿ. ಅದರ ಮರೆಯಲ್ಲಿ ಕಾಗದದ ಹೂ, ನಿತ್ಯಪುಷ್ಪ ಸುಖವಾಗಿ ಬೆಳೆಯುತ್ತವೆ. ಆದರೆ ನಿತ್ಯಪುಷ್ಪವೂ ಬಾಯಿಗೆ ಹಾಕುವಂಥದ್ದಲ್ಲ, ಪುಟ್ಟ ಮಕ್ಕಳ ಕೈಗೆ ಎಟಕದ ಕಡೆ ನೆಡಿ. ಹೊಯಿಗೆಯಲ್ಲಿ ಗೊಬ್ಬರ ನಿಲ್ಲುವುದಿಲ್ಲ; ಒಮ್ಮೆಗೇ ಬುಟ್ಟಿಗಟ್ಟಲೆ ಹಾಕುವ ಬದಲು ತಿಂಗಳಿಗೊಮ್ಮೆ ಬೊಗಸೆಯಷ್ಟು ಹಾಕಿ.

ಪ್ರಶ್ನೆ: ಅಡಿಕೆ ತೋಟದ ಅಂಚಿನಲ್ಲಿ, ಬಚ್ಚಲು ನೀರು ಹೋಗುವ ನೆರಳಿನ ಜಾಗದಲ್ಲಿ ವರ್ಷವಿಡೀ ಉಳಿಯುವ ಹೂಗಿಡ ಯಾವುದು? (ಪೆರ್ಲ)

ಉತ್ತರ: ಹೆಲಿಕೋನಿಯ, ಸುಗಂಧಿ. ಗಡ್ಡೆಯನ್ನು ಎರಡು ಮೂರು ಕಣ್ಣಿರುವಂತೆ ತುಂಡು ಮಾಡಿ, ಎರಡು ಇಂಚು ಆಳದಲ್ಲಿ, ಮೂರು ಅಡಿಗೊಂದರಂತೆ ಊರಿ. ಹೂ ಬಿಟ್ಟ ದಂಟು ಮತ್ತೆ ಹೂ ಬಿಡುವುದಿಲ್ಲ, ಬುಡಕ್ಕೆ ಕಡಿಯಿರಿ. ಮೂರು ವರ್ಷಕ್ಕೊಮ್ಮೆ ಹಿಂಡು ಬಿಡಿಸದಿದ್ದರೆ ನಡುವೆ ಬೋಳಾಗಿ ಅಂಚಿನಲ್ಲಿ ಮಾತ್ರ ಹೂವಾಗುತ್ತದೆ. ಸೋಪು ನೀರು ನೇರ ಬುಡಕ್ಕೆ ನಿಲ್ಲದಂತೆ ಒಂದು ಸಣ್ಣ ಕಣಿ ತೆಗೆದು ಬದಿಯಲ್ಲಿ ಹರಿಸಿ.