ಕರೆಂಟ್ ಬಂತು, ನೆಟ್ ಯಾಕೆ ಬರಲಿಲ್ಲ?

ಈ ಸಲದ ಪ್ರಶ್ನೆಗಳೆಲ್ಲ ಮನೆಯ ರೂಟರಿಗೆ ಓಪನ್‌ವರ್ಟ್ ಹಾಕಿಕೊಂಡವರದ್ದು. ಕಂಪನಿ ಕೊಟ್ಟ ಸಾಫ್ಟ್‌ವೇರ್ ತೆಗೆದು ಅದರ ಜಾಗದಲ್ಲಿ ಕೂರಿಸುವ, ಲಿನಕ್ಸ್ ಮೇಲೆ ನಡೆಯುವ ಓಪನ್ ಸೋರ್ಸ್ ಫರ್ಮ್‌ವೇರ್ ಇದು. ಎಲ್ಲವೂ ಕಾಸರಗೋಡು ಕಡೆಯಿಂದ ಬಂದ ಪ್ರಶ್ನೆಗಳು. ಅರ್ಧದಷ್ಟಕ್ಕೆ ಸಿಡಿಲು ಇಲ್ಲವೇ ಕರೆಂಟ್ ಕಾರಣ. ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ವಿಶೇಷ ದಿನ) ಮುಂಚಿನ ಗುಡುಗು ಮಳೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಮಳೆ ಎರಡನ್ನೂ ನೋಡಿದವರಿಗೆ ಇದೇನೂ ಹೊಸದಲ್ಲ.

ಪ್ರಶ್ನೆ: ಬದಿಯಡ್ಕದ ಹತ್ತಿರ ತೋಟದ ನಡುವೆ ನಮ್ಮ ಮನೆ. ರೂಟರಿಗೆ ಓಪನ್‌ವರ್ಟ್ ಹಾಕಿದ್ದೇನೆ, ಜೊತೆಗೆ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ (ಸೈಟಿನ ಹೆಸರು ಕೊಟ್ಟು ವಿಳಾಸ ಕೇಳುವುದನ್ನು ಬೇರೆಯವರಿಗೆ ಕಾಣದ ಹಾಗೆ ಮಾಡುವ ವ್ಯವಸ್ಥೆ) ಕೂಡ. ಸಂಜೆ ಮಳೆಗೆ ಕರೆಂಟ್ ಹೋಗಿ ಬಂದರೆ ವೈಫೈ ಬರುತ್ತದೆ, ನೆಟ್ ಬರುವುದಿಲ್ಲ. ಆಫ್ ಆನ್ ಮಾಡಿದರೂ ಅಷ್ಟೇ. ಫರ್ಮ್‌ವೇರ್ ಪುನಃ ಹಾಕಿದರೆ ಸರಿಯಾಗುತ್ತದೆ. ಕೆಲವು ತಿಂಗಳು ಎಷ್ಟು ಸಲ ಕರೆಂಟ್ ಹೋದರೂ ತೊಂದರೆಯಿಲ್ಲ. ಆಮೇಲೆ ಮತ್ತೆ ಅದೇ ಕತೆ. ಈ ಫರ್ಮ್‌ವೇರೇ ಸರಿ ಇಲ್ವಾ?

ಉತ್ತರ: "ಕೆಲವು ತಿಂಗಳು ತೊಂದರೆಯಿಲ್ಲ" ಎಂದಿರಲ್ಲ, ಸುಳಿವು ಅದರಲ್ಲೇ ಇದೆ. ನಿಮ್ಮ ರೂಟರಿಗೆ ಇವತ್ತು ಯಾವ ತಾರೀಕು ಅಂತ ಗೊತ್ತಿಲ್ಲ.

ಕಂಪ್ಯೂಟರಿನೊಳಗೆ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗಲೂ ಅದರ ಗಡಿಯಾರ ಓಡುತ್ತದೆ. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಕರೆಂಟ್ ಹೋದ ಕೂಡಲೇ ಸಮಯ ಮರೆತುಹೋಗುತ್ತದೆ. ಓಪನ್‌ವರ್ಟ್ ಏಳುವಾಗ ಒಂದು ಅಂದಾಜು ಮಾಡುತ್ತದೆ: ಸೆಟ್ಟಿಂಗ್ಸ್ ಇರುವ ಫೋಲ್ಡರಿನಲ್ಲಿ ಯಾವ ಫೈಲಿನ ತಾರೀಕು ಎಲ್ಲಕ್ಕಿಂತ ಹೊಸದೋ, ಅದನ್ನೇ ಇವತ್ತು ಅಂದುಕೊಳ್ಳುತ್ತದೆ. ನೀವು ಹೊಸದಾಗಿ ಫರ್ಮ್‌ವೇರ್ ಹಾಕಿ ಸೆಟ್ಟಿಂಗ್ಸ್ ಸೇವ್ ಮಾಡಿದ್ದರೆ ಆ ತಾರೀಕು ಹತ್ತಿರದ್ದೇ. ತಿಂಗಳುಗಟ್ಟಲೆ ಏನನ್ನೂ ಮುಟ್ಟದಿದ್ದರೆ ರೂಟರ್ ಅಷ್ಟೇ ಹಿಂದೆ ನಿಂತಿರುತ್ತದೆ. ನೆಟ್ ಸಿಕ್ಕಿದ ಮೇಲೆ, ನೆಟ್‌ನಲ್ಲಿ ಸಮಯ ಹೇಳುವ ಎನ್‌ಟಿಪಿ ಸರ್ವರಿನಿಂದ ಸರಿಯಾದ ಸಮಯ ತರಿಸಿಕೊಳ್ಳುವುದು ಕ್ರಮ.

ನಿಮ್ಮಲ್ಲಿ ಆ ಕ್ರಮವೇ ಸಿಕ್ಕಿಹಾಕಿಕೊಂಡಿದೆ. ಎನ್‌ಟಿಪಿ ಸರ್ವರಿಗೆ ಒಂದು ಹೆಸರಿದೆ. ಆ ಹೆಸರಿನ ಐಪಿ ವಿಳಾಸವನ್ನು, ಅಂದರೆ ಅಂಕಿಯ ವಿಳಾಸವನ್ನು, ಡಿಎನ್‌ಎಸ್ ಹೇಳಬೇಕು. ನಿಮ್ಮ ಡಿಎನ್‌ಎಸ್ ಎಚ್‌ಟಿಟಿಪಿಎಸ್ ಮೂಲಕ ಹೋಗುವುದರಿಂದ ಆ ಕಡೆಯ ಸರ್ವರ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟಿನ ಪರೀಕ್ಷೆ ಆಗಬೇಕು. ಸರ್ಟಿಫಿಕೇಟಿನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದಿರುತ್ತದೆ. ಈಗ ಮೂರು ತಿಂಗಳೊಳಗೇ ಮುಗಿಯುವ ಸರ್ಟಿಫಿಕೇಟುಗಳು ಜಾಸ್ತಿ, ಹಾಗಾಗಿ ಅವು ಆಗಾಗ ಬದಲಾಗುತ್ತವೆ. ಹಿಂದಿನ ತಾರೀಕಿನಲ್ಲಿ ನಿಂತ ರೂಟರಿಗೆ ಈಗಿನ ಸರ್ಟಿಫಿಕೇಟ್ "ಇನ್ನೂ ಶುರುವೇ ಆಗದ್ದು". ಬೇಡ ಅನ್ನುತ್ತದೆ. ಡಿಎನ್‌ಎಸ್ ಇಲ್ಲ, ಆದ್ದರಿಂದ ಸಮಯ ಇಲ್ಲ. ಸಮಯ ಇಲ್ಲ, ಆದ್ದರಿಂದ ಡಿಎನ್‌ಎಸ್ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ನೋಡಿ. ಬ್ರೌಸರಿನಲ್ಲಿ ರೂಟರಿನ ಪುಟ ತೆರೆಯಿರಿ. ಸ್ಟೇಟಸ್ ಪುಟದಲ್ಲಿ ವ್ಯಾನ್‌ಗೆ (ಹೊರಗಿನ ನೆಟ್ ಒಳಗೆ ಬರುವ ಕಡೆ) ಐಪಿ ವಿಳಾಸ ಬಂದಿದೆಯಾ? ಬಂದಿಲ್ಲ ಅಂದರೆ ಇದು ಬೇರೆ ರೋಗ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ) ಕನೆಕ್ಷನ್ ಆಗಿದ್ದರೆ, ಕರೆಂಟ್ ಫಕ್ಕನೆ ಹೋದಾಗ ನೆಟ್ ಕೊಡುವ ಕೇಬಲಿನವರ ಕಡೆ ಹಳೆಯ ಲಾಗಿನ್ ಇನ್ನೂ ಜೀವಂತ ಇರಬಹುದು. ಸ್ವಲ್ಪ ಹೊತ್ತು ಬಿಟ್ಟರೆ ಅದು ತಾನೇ ಸರಿಯಾಗುತ್ತದೆ. (ಫೋನ್ ಮಾಡಿ ಮಲಯಾಳದಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ, ಸಿಗುವ ಉತ್ತರ ಒಂದೇ: ರೀಸ್ಟಾರ್ಟ್ ಮಾಡಿ.)

ಐಪಿ ಬಂದಿದೆ ಅಂತಾದರೆ ನೆಟ್‌ವರ್ಕ್ ಮೆನುವಿನ ಡಯಾಗ್ನಾಸ್ಟಿಕ್ಸ್‌ನಲ್ಲಿ ಗೂಗಲ್‌ನ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಅಲ್ಲಿಂದ ಉತ್ತರ ಬರುತ್ತದಾ ನೋಡಿ. ಉತ್ತರ ಬಂದರೆ ಲೈನ್ ಸರಿ ಇದೆ. ಈಗ ಸ್ಟೇಟಸ್ ಪುಟದಲ್ಲಿ ಲೋಕಲ್ ಟೈಮ್ ನೋಡಿ. ತಿಂಗಳುಗಟ್ಟಲೆ ಹಿಂದಿನ ತಾರೀಕು ಇರಬೇಕು. ಸಿಸ್ಟಂ ಮೆನುವಿಗೆ ಹೋಗಿ "ಸಿಂಕ್ ವಿತ್ ಬ್ರೌಸರ್" ಗುಂಡಿ ಒತ್ತಿ. ನಿಮ್ಮ ಫೋನಿನ ಸಮಯ ರೂಟರಿಗೆ ಹೋಗುತ್ತದೆ. ಸ್ವಲ್ಪದರಲ್ಲೇ ನೆಟ್ ಬಂದರೆ ಕಾರಣ ಇದೇ, ಇನ್ನೇನೂ ಹುಡುಕಬೇಕಾಗಿಲ್ಲ.

ಶಾಶ್ವತ ಪರಿಹಾರ ಸುಲಭ. ಅದೇ ಪುಟದ ಟೈಮ್ ಸಿಂಕ್ರನೈಸೇಶನ್ ಟ್ಯಾಬಿನಲ್ಲಿ ಎನ್‌ಟಿಪಿ ಸರ್ವರುಗಳ ಪಟ್ಟಿ ಇದೆ. ಇರುವ ಹೆಸರುಗಳ ಜೊತೆಗೆ ಅಂಕಿಯಲ್ಲೇ ಎರಡು ವಿಳಾಸ ಸೇರಿಸಿ: 216.239.35.0 ಗೂಗಲ್‌ನದ್ದು, 162.159.200.1 ಕ್ಲೌಡ್‌ಫ್ಲೇರ್‌ನದ್ದು. ಅಂಕಿ ಕೊಟ್ಟರೆ ಡಿಎನ್‌ಎಸ್ ಕೇಳುವ ಕೆಲಸವೇ ಇಲ್ಲ, ಗಂಟು ಅಲ್ಲಿಗೇ ಬಿಚ್ಚುತ್ತದೆ. ಸೇವ್ ಮಾಡಿದ ಮೇಲೆ ಒಮ್ಮೆ ಪ್ಲಗ್ ತೆಗೆದು ಹಾಕಿ ನೋಡಬೇಡಿ. ಈಗಷ್ಟೇ ಸೇವ್ ಮಾಡಿದ್ದರಿಂದ ತಾರೀಕು ಹೇಗೂ ಹೊಸದೇ ಇರುತ್ತದೆ, ಪರೀಕ್ಷೆ ಮಾಡಿದ ಹಾಗೆ ಆಗುವುದಿಲ್ಲ.

12 ವೋಲ್ಟಿನ ಮಿನಿ ಯುಪಿಎಸ್ ಒಂದು ಇಟ್ಟುಕೊಳ್ಳಿ ಅಂತಲೂ ಹೇಳುತ್ತೇನೆ. ಗಡಿಯಾರಕ್ಕಿಂತ ಜಾಸ್ತಿ ಫ್ಲ್ಯಾಶ್ ಮಾಡುವ, ಅಂದರೆ ಫರ್ಮ್‌ವೇರ್ ಬರೆಯುವ, ಹೊತ್ತಿಗೆ ಅದು ಬೇಕು. ಅರ್ಧ ಬರೆದಾಗ ಕರೆಂಟ್ ಹೋದರೆ ರೂಟರ್ ಏಳುವುದು ಕಷ್ಟ. ನೀವು ಪ್ರತಿ ಸಲ ಫರ್ಮ್‌ವೇರ್ ಪುನಃ ಹಾಕಿದ್ದು, ಅದೂ ಗುಡುಗು ಮಳೆಯ ದಿನಗಳಲ್ಲಿ, ನನಗೆ ಕೇಳಿಯೇ ಭಯವಾಯಿತು. ಯುಪಿಎಸ್ ಕೊಳ್ಳುವಾಗ ರೂಟರ್ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. ಫೈಬರ್ ಮೋಡೆಮ್ಮಿಗೂ ಅದರಿಂದಲೇ ಕರೆಂಟ್ ಕೊಡಬೇಕು, ಇಲ್ಲದಿದ್ದರೆ ಪ್ರಯೋಜನವಿಲ್ಲ.

ಪ್ರಶ್ನೆ: ಬಾಯಾರಿನಿಂದ. ಮನೆಯಿಂದ ಅಡಿಕೆ ಸುಲಿಯುವ ಶೆಡ್ಡಿಗೆ ಅಂಗಳ ದಾಟಿಸಿ ಲ್ಯಾನ್ ಕೇಬಲ್ ಎಳೆದಿದ್ದೆ. ಸಿಡಿಲು ಬಂದ ಮೇಲೆ ಶೆಡ್ಡಿನ ಹಳೆ ರೂಟರ್ ಪೂರ್ತಿ ಹೋಯಿತು. ಮನೆಯ ರೂಟರಿನಲ್ಲಿ ನೀಲಿ ವ್ಯಾನ್ ಪೋರ್ಟ್ ಮಾತ್ರ ಸತ್ತಿದೆ, ಉಳಿದದ್ದೆಲ್ಲ ಸರಿ. ಎಸೆಯಬೇಕಾ?

ಉತ್ತರ: ಎಸೆಯಬೇಡಿ. ಓಪನ್‌ವರ್ಟ್ ಹಾಕಿದ್ದಕ್ಕೆ ಲಾಭ ಸಿಗುವುದು ಇಂಥ ಹೊತ್ತಿನಲ್ಲೇ. ಅದರಲ್ಲಿ ಯಾವ ಪೋರ್ಟ್ ವ್ಯಾನ್ ಆಗಬೇಕು ಅಂತ ನೀವೇ ಹೇಳಬಹುದು.

ಕಂಪ್ಯೂಟರನ್ನು ಮೊದಲನೇ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ನೆಟ್‌ವರ್ಕ್ ಮೆನುವಿನ ಇಂಟರ್‌ಫೇಸಸ್ ಪುಟದಲ್ಲಿ ಡಿವೈಸಸ್ ಟ್ಯಾಬ್ ತೆರೆದು, ಬಿಆರ್-ಲ್ಯಾನ್ ಎಂಬ ಬ್ರಿಡ್ಜಿನಿಂದ (ಲ್ಯಾನ್ ಪೋರ್ಟುಗಳನ್ನೆಲ್ಲ ಒಟ್ಟು ಸೇರಿಸಿದ ಗುಂಪು) ನಾಲ್ಕನೇ ಲ್ಯಾನ್ ಪೋರ್ಟಿನ ಗುರುತು ತೆಗೆಯಿರಿ. ಆಮೇಲೆ ವ್ಯಾನ್ ಇಂಟರ್‌ಫೇಸಿನ ಎಡಿಟ್‌ಗೆ ಹೋಗಿ ಡಿವೈಸ್ ಜಾಗದಲ್ಲಿ ಆ ನಾಲ್ಕನೆಯದನ್ನೇ ಆರಿಸಿ. ವ್ಯಾನ್6 ಇದ್ದರೆ ಅದಕ್ಕೂ ಹಾಗೆಯೇ. ಎಲ್ಲ ಆದ ಮೇಲೆ ಒಂದೇ ಸಲ ಸೇವ್ ಆ್ಯಂಡ್ ಅಪ್ಲೈ ಒತ್ತಿ. ಏನಾದರೂ ತಪ್ಪಿ ರೂಟರ್ ಕೈಗೆ ಸಿಗದ ಹಾಗಾದರೆ ಗಾಬರಿ ಬೇಡ, ಸುಮಾರು ಒಂದೂವರೆ ನಿಮಿಷದಲ್ಲಿ ಅದು ಹಳೆಯ ಸೆಟ್ಟಿಂಗಿಗೆ ತಾನೇ ಮರಳುತ್ತದೆ. 21.02ಕ್ಕಿಂತ ಹಿಂದಿನ ಆವೃತ್ತಿ ಆಗಿದ್ದರೆ ನೆಟ್‌ವರ್ಕ್ ಮೆನುವಿನಲ್ಲಿ ಸ್ವಿಚ್ ಅಂತ ಪುಟ ಇರುತ್ತದೆ, ಕೆಲಸ ಅಲ್ಲಿ ಆಗಬೇಕು.

ಇಷ್ಟಾದರೂ ಐಪಿ ಬಾರದಿದ್ದರೆ? ಕೆಲವು ಕೇಬಲಿನವರು ರೂಟರಿನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತಿನ ಸಂಖ್ಯೆ) ಕನೆಕ್ಷನ್ ಕಟ್ಟಿರುತ್ತಾರೆ. ಹೊಸ ಪೋರ್ಟಿನ ಮ್ಯಾಕ್ ಬೇರೆ. ಹಳೆ ವ್ಯಾನಿನ ಮ್ಯಾಕ್ ಡಿವೈಸಸ್ ಟ್ಯಾಬಿನಲ್ಲೇ ಕಾಣುತ್ತದೆ, ಅದನ್ನು ನಾಲ್ಕನೇ ಪೋರ್ಟಿಗೆ ಬರೆಯಿರಿ.

ಶೆಡ್ಡಿಗೆ ಮತ್ತೆ ತಾಮ್ರದ ಕೇಬಲ್ ಎಳೆಯಬೇಡಿ. ಹೊರಗೆ ಹಾಯ್ದ ಲ್ಯಾನ್ ಕೇಬಲ್ ಅಂದರೆ ಸಿಡಿಲಿನ ಸರ್ಜ್‌ಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಒಂದು ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಪೋರ್ಟಿಗೆ ಜೋಡಿಸುವ ಪೆಟ್ಟಿಗೆ) ಹಾಕಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ತರುವ ಕೆಲವು ಫೈಬರ್ ಕೇಬಲುಗಳಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ, ಅಂಗಡಿಯಲ್ಲಿ ಕೇಳಿ ಅದಿಲ್ಲದ್ದು ತನ್ನಿ. ಶೆಡ್ಡಿಗೆ ಬೇರೆ ರೂಟರ್ ಹುಡುಕುವಾಗ 4 ಎಂಬಿ ಫ್ಲ್ಯಾಶ್ ಮೆಮೊರಿ, 32 ಎಂಬಿ ರ‍್ಯಾಮಿನ ಹಳೆಯದನ್ನು ಯಾರಾದರೂ ಸುಮ್ನೆ ಕೊಟ್ಟರೂ ಓಪನ್‌ವರ್ಟ್‌ಗೆಂದು ತಗೊಳ್ಳಬೇಡಿ. ಅವಕ್ಕೆ 19.07 ಆವೃತ್ತಿಯೇ ಕೊನೆ, ಅದರ ಅಪ್‌ಡೇಟ್ 2022ರಲ್ಲಿ ನಿಂತಿದೆ.

ಪ್ರಶ್ನೆ: ಉಪ್ಪಳದಿಂದ. ಇವತ್ತೇ ಓಪನ್‌ವರ್ಟ್ ಹಾಕಿದೆ. ಲೈಟು ಉರಿಯುತ್ತಿದೆ, ವೈಫೈ ಹೆಸರೇ ಕಾಣುತ್ತಿಲ್ಲ. ಕೆಟ್ಟುಹೋಯಿತಾ?

ಉತ್ತರ: ಇಲ್ಲ. ಹೊಸದಾಗಿ ಹಾಕಿದಾಗ ಓಪನ್‌ವರ್ಟ್‌ನಲ್ಲಿ ವೈಫೈ ಸಾಮಾನ್ಯವಾಗಿ ಆಫ್ ಇರುತ್ತದೆ. ಪಾಸ್‌ವರ್ಡ್ ಇಲ್ಲದ ವೈಫೈ ತೆರೆದಿಡಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಲ್ಯಾನ್ ಕೇಬಲಿನಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ, 192.168.1.1 ತೆರೆಯಿರಿ. ಬಳಕೆದಾರ ಹೆಸರು ರೂಟ್, ಪಾಸ್‌ವರ್ಡ್ ಖಾಲಿ. ಮೊದಲು ಪಾಸ್‌ವರ್ಡ್ ಇಟ್ಟು, ಆಮೇಲೆ ವೈರ್‌ಲೆಸ್ ಪುಟದಲ್ಲಿ ದೇಶ ಭಾರತ ಎಂದು ಆರಿಸಿ, ವೈಫೈ ಆನ್ ಮಾಡಿ.

ಒಂದು ವಿಷಯ: ಎಷ್ಟೋ ಫೈಬರ್ ಮೋಡೆಮ್‌ಗಳ ವಿಳಾಸವೂ 192.168.1.1. ಎರಡಕ್ಕೂ ಒಂದೇ ವಿಳಾಸ ಆದರೆ ನೆಟ್ ಬರುವುದಿಲ್ಲ. ಮೊದಲ ಸೆಟ್ಟಿಂಗ್ ಮುಗಿಯುವವರೆಗೆ ಮೋಡೆಮ್ಮಿನ ಕೇಬಲ್ ಕಳಚಿಡಿ, ರೂಟರಿನ ಲ್ಯಾನ್ ವಿಳಾಸವನ್ನು 192.168.5.1 ಅಂತ ಏನಾದರೂ ಮಾಡಿ, ಆಮೇಲೆ ಸಿಕ್ಕಿಸಿ.

ಕೇಬಲ್ ಹಾಕಿದರೂ ಪುಟ ಬರದಿದ್ದರೆ ಫೇಲ್‌ಸೇಫ್ ಎಂಬ ತುರ್ತು ದಾರಿ ಇದೆ. ಲ್ಯಾಪ್‌ಟಾಪಿಗೆ ಕೈಯಾರೆ 192.168.1.2 ವಿಳಾಸ ಕೊಡಿ. ರೂಟರ್ ಆನ್ ಮಾಡಿ, ಏಳುವಾಗ ಲೈಟು ಮಿನುಗಲು ಶುರುವಾದ ಕೂಡಲೇ ರೀಸೆಟ್ ಗುಂಡಿ ಒತ್ತಿ. ಲೈಟು ಜೋರಾಗಿ ಮಿನುಗಿದರೆ ಒಳಗೆ ಹೋದಿರಿ. ಅಲ್ಲಿ ಬ್ರೌಸರ್ ಪುಟ ಇರುವುದಿಲ್ಲ, ಎಸ್‌ಎಸ್‌ಎಚ್ ಮೂಲಕವೇ (ಕಮಾಂಡ್ ಟೈಪ್ ಮಾಡಿ) ಕೆಲಸ.

ಪ್ರಶ್ನೆ: ಮುಳ್ಳೇರಿಯದಿಂದ. ರೂಟರ್ ಆನ್ ಆದ ಮೇಲೆ 2.4 ಗಿಗಾಹರ್ಟ್ಸ್ ಕೂಡಲೇ ಬರುತ್ತದೆ, 5 ಗಿಗಾಹರ್ಟ್ಸ್ ತಡವಾಗಿ ಬರುತ್ತದೆ. ಪಕ್ಕದ ಕೋಣೆಗೆ ಹೋದರೆ ಅದೂ ಇಲ್ಲ.

ಉತ್ತರ: ತಡಕ್ಕೆ ಕಾರಣ ಚಾನೆಲ್. 52ರಿಂದ 64, 100ರಿಂದ 144ರವರೆಗಿನ ಚಾನೆಲುಗಳಲ್ಲಿ ರೇಡಾರ್ ಇದೆಯಾ ಅಂತ ರೂಟರ್ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು. ಚಾನೆಲ್ ಆಟೋ ಇದ್ದರೆ ಅಲ್ಲಿಗೆ ಹೋಗಿರುತ್ತದೆ. 36 ಅಥವಾ 149 ಎಂದು ಗಟ್ಟಿ ಮಾಡಿ. ಭಾರತದಲ್ಲಿ ಎರಡಕ್ಕೂ ಅನುಮತಿ ಇದೆ, 2018ರಲ್ಲಿ ಈ ತರಂಗಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ.

ಪಕ್ಕದ ಕೋಣೆಯದ್ದು ಫರ್ಮ್‌ವೇರ್ ಪ್ರಶ್ನೆಯೇ ಅಲ್ಲ. ನಿಮ್ಮದು ಮುರಕಲ್ಲಿನ ಗೋಡೆ ಅಲ್ವಾ? ಅಷ್ಟು ದಪ್ಪದ ಕಲ್ಲನ್ನು 5 ಗಿಗಾಹರ್ಟ್ಸ್ ದಾಟುವುದು ಕಷ್ಟ, ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಮೇಲೆ ಇನ್ನೂ ಕಷ್ಟ. ದೇಶದ ಹೆಸರು ಬದಲಾಯಿಸಿ ಪವರ್ ಹೆಚ್ಚಿಸಿ ಎಂಬ ಸಲಹೆ ಕೇಳಿರುತ್ತೀರಿ. ಅದು ಕಾನೂನಿಗೆ ವಿರುದ್ಧ, ಮೇಲಾಗಿ ಫೋನಿನ ಪವರ್ ಹೆಚ್ಚುವುದಿಲ್ಲವಲ್ಲ. ರೂಟರ್ ಕೂಗಿದ್ದು ಫೋನಿಗೆ ಕೇಳಿದರೂ ಫೋನ್ ಹೇಳಿದ್ದು ರೂಟರಿಗೆ ಕೇಳುವುದಿಲ್ಲ. ಆ ಕೋಣೆಗೆ ಒಳಗಿನಿಂದಲೇ ಒಂದು ಲ್ಯಾನ್ ಕೇಬಲ್ ಎಳೆದು ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಹಂಚುವ ಯಂತ್ರ) ಮಾಡಿ ಇಡಿ. ಅದರಲ್ಲಿ ಫೋನುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಲ್ಯಾನ್ ವಿಳಾಸ ಮೊದಲ ರೂಟರಿಗಿಂತ ಬೇರೆ ಕೊಡಿ, ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೇ ಸಿಕ್ಕಿಸಿ.