ರಾತ್ರಿ ಹತ್ತಕ್ಕೆ ‘ಅಣ್ಣಾ’ ಅನ್ನುವ ಹುಡುಗ

ಪ್ರಶ್ನೆ: ನನಗೆ 23 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸ. ಕಾಲೇಜಿನಿಂದಲೂ ನಾವು ನಾಲ್ವರು ಗೆಳೆಯರು ಒಂದು ಟೀಮಾಗಿ ಮೊಬೈಲಿನಲ್ಲಿ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ ಆಡುತ್ತೇವೆ. ಒಬ್ಬನಿಗೆ ನೈಟ್ ಶಿಫ್ಟ್ ಬಂದ ಮೇಲೆ ನಾಲ್ಕನೆಯ ಜಾಗಕ್ಕೆ ಗುರುತಿಲ್ಲದವರು ಬಂದು ಸೇರುತ್ತಾರೆ. ಹಾಗೆ ಒಂದು ರಾತ್ರಿ ಗದಗ ಕಡೆಯ ಹುಡುಗ ಬಂದ. ಆರನೇ ಕ್ಲಾಸ್ ಅಂತೆ. ಸುಮ್ಸುಮ್ನೆ ಗುಂಡು ಹಾರಿಸಿ ನಾವು ಅಡಗಿದ್ದ ಜಾಗವನ್ನು ಎದುರಿನವರಿಗೆ ತೋರಿಸಿಬಿಟ್ಟ. ನನ್ನ ಗೆಳೆಯರು ಅವನ ತಾಯಿಯನ್ನು ಎಳೆದು ತಂದು ಬೈದರು. ನಾನು ಬೈಯಲಿಲ್ಲ, ಆದರೆ ನಕ್ಕೆ. ‘ಸಾರಿ ರೀ ಅಣ್ಣಾ’ ಅಂದು ಹುಡುಗ ಮೈಕ್ ಆಫ್ ಮಾಡಿದ. ಆಮೇಲೆ ಕಸಿವಿಸಿಯಾಗಿ ಅವನ ಫ್ರೆಂಡ್ ರಿಕ್ವೆಸ್ಟ್ ಒಪ್ಪಿಕೊಂಡೆ. ಈಗ ದಿನಾ ರಾತ್ರಿ ಹತ್ತಕ್ಕೆ ಅವ್ವನ ಫೋನಿನಲ್ಲಿ ನನಗಾಗಿ ಕಾಯುತ್ತಾನೆ. ನಂಬರ್ ಕೇಳುತ್ತಾನೆ. ಶಿವರಾತ್ರಿಗೆ ಸಿದ್ಧಾರೂಢರ ಜಾತ್ರೆಗೆ ಬರ್ತೀವಿ, ಭೆಟ್ಟಿ ಆಗ್ರಿ ಅನ್ನುತ್ತಾನೆ. ಗೆಳೆಯರು ‘ಅಂಗನವಾಡಿ ನಡಸಾಕತ್ತೀಯೇನಲೇ’ ಅಂತ ಕಾಡುತ್ತಾರೆ. ಅವನಿದ್ದರೆ ರ‍್ಯಾಂಕ್ ಬೀಳುವುದೂ ನಿಜ. ಬ್ಲಾಕ್ ಮಾಡೋಣ ಅಂದರೆ ಪಾಪ ಅನಿಸುತ್ತದೆ. ಏನು ಮಾಡಲಿ?

ಉತ್ತರ: ಬ್ಲಾಕ್ ಮಾಡಬೇಡಿ. ನಂಬರನ್ನೂ ಕೊಡಬೇಡಿ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಚಿಕ್ಕವರಿದ್ದಾಗ ನೆಹರೂ ಮೈದಾನದಲ್ಲೋ ಮನೆ ಮುಂದಿನ ಓಣಿಯಲ್ಲೋ ಕ್ರಿಕೆಟ್ ಆಡಿರುತ್ತೀರಿ. ಯಾರದೋ ತಮ್ಮ ಬಂದು ನಾನೂ ಆಡ್ತೀನಿ ಅಂತ ಅಳುತ್ತಾ ನಿಂತರೆ ದೊಡ್ಡ ಹುಡುಗರು ಏನು ಮಾಡುತ್ತಿದ್ದರು? ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದರು. ಅವನು ಔಟಾದರೂ ಇನ್ನೆರಡು ಬಾಲ್ ಸಿಗುತ್ತಿತ್ತು. ಬಾಲ್ ಹಾಕುವವನು ಎರಡು ಹೆಜ್ಜೆ ಮುಂದೆ ಬಂದು, ಕೈ ಕೆಳಗಿನಿಂದ ಮೆಲ್ಲಗೆ ಹಾಕುತ್ತಿದ್ದ. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ. ಎದುರಿಗೆ ನಿಂತವನು ಬ್ಯಾಟಿಗಿಂತ ಒಂದಿಷ್ಟೇ ಎತ್ತರ ಇದ್ದಾನೆ ಅಂತ ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ.

ಮೊಬೈಲ್ ಆಟದಲ್ಲಿ ಅದು ಕಾಣುವುದಿಲ್ಲ. ಹನ್ನೊಂದರ ಹುಡುಗನೂ ಮೂವತ್ತರ ಗಂಡಸೂ ಅಲ್ಲಿ ಒಂದೇ ಎತ್ತರ, ಒಂದೇ ಹೆಲ್ಮೆಟ್, ಒಂದೇ ಬಂದೂಕು. ಮ್ಯಾಚಿನ ನೂರು ಜನರಲ್ಲಿ ಎಷ್ಟು ಮಕ್ಕಳಿದ್ದಾರೋ ಯಾರಿಗೆ ಗೊತ್ತು? ಗುರುತು ಸಿಗುವುದು ದನಿಯಿಂದ ಮಾತ್ರ. ಹಾಗಾಗಿ ಮೈಕ್ ಆನ್ ಮಾಡಿದ ಮಗು ತಾನು ಸಣ್ಣವನು ಅಂತ ತಾನೇ ಹೇಳಿಕೊಂಡ ಹಾಗೆ. ಆ ಹೊತ್ತಿಗೇ ಬೈಗುಳ ಬಿದ್ದರೆ ಅವನು ಮುಂದೆ ಮೈಕ್ ಮುಚ್ಚಿಕೊಂಡು ಆಡುತ್ತಾನೆ. ಇಲ್ಲವೇ ದನಿ ದಪ್ಪ ಮಾಡಿಕೊಂಡು, ನಿಮ್ಮವರಿಂದ ಕಲಿತದ್ದನ್ನೇ ಇನ್ನೊಬ್ಬ ಸಣ್ಣವನ ಮೇಲೆ ಉಗುಳುತ್ತಾನೆ. ಎರಡನೆಯದೇ ಜಾಸ್ತಿ ಆಗುತ್ತದೆ ಅಂತ ನನ್ನ ಅನಿಸಿಕೆ.

ನಿಮ್ಮ ಗೆಳೆಯರು ಏನು ಹೇಳುತ್ತಾರೆ ಅಂತ ಊಹಿಸಬಲ್ಲೆ. ನಮ್ಮ ಹುಬ್ಬಳ್ಯಾಗ ‘ಲೇ ಮಗನ’ ಅನ್ನೂದು ಪ್ರೀತಿಲೇ ಅಂತಾರೆ, ಅಲ್ವಾ? ಒಪ್ಪಿದೆ. ಹತ್ತು ವರ್ಷ ಜೊತೆಗೆ ಗಿರ್ಮಿಟ್ ತಿಂದವರ ನಡುವೆ ಅದು ಪ್ರೀತಿಯೇ. ಬೈದವನ ಮುಖ ನೋಡದ, ಹೆಸರೂ ಗೊತ್ತಿಲ್ಲದ ಹುಡುಗನ ಕಿವಿಗೆ ಅದರಲ್ಲಿ ಬರೀ ಬೈಗುಳ ಕೇಳುತ್ತದೆ. ಅದೂ ಮನೆಯ ಮೂಲೆಯಲ್ಲಿ ಕುಳಿತು, ಅವ್ವನ ಫೋನಿನಲ್ಲಿ, ಅವ್ವನ ಬಗ್ಗೆಯೇ.

ಹಾಗಾಗಿ ಮೊದಲ ಕೆಲಸ ಇರುವುದು ಗೆಳೆಯರ ಹತ್ತಿರ. ಭಾಷಣ ಬೇಡ, ಅವರು ಕೇಳುವುದೂ ಇಲ್ಲ. ಅವನು ಟೀಮಿಗೆ ಬಂದ ಕೂಡಲೇ ‘ಲೇ, ಸಣ್ಣಾವ ಅದಾನ, ಬಾಯಿ ಹಿಡದು ಮಾತಾಡ್ರಿ’ ಅಂತ ಒಂದು ಮಾತು ಸಾಕು. ಅವನಿಗೂ ಕೇಳುವಂತೆ ಹೇಳಿ. ಅಂಗನವಾಡಿ ಅಂದರೆ ‘ಹೌದಲೇ, ನಿಂದೂ ಹೆಸರು ಹಚ್ಚೇನಿ’ ಅನ್ನಿ. ಹುಬ್ಬಳ್ಳಿಯವರಿಗೆ ತಿರುಗಿ ಕಾಡುವುದನ್ನು ನಾನು ಹೇಳಿಕೊಡಬೇಕಿಲ್ಲ. ಆದರೂ ಒಬ್ಬ ನಿಲ್ಲಿಸದಿದ್ದರೆ ಆ ಹೊತ್ತಿಗೆ ಹುಡುಗನನ್ನು ಆ ಟೀಮಿಗೆ ಕರೆಯಬೇಡಿ. ‘ನೀನು ಸುಮ್ನೆ ಮ್ಯೂಟ್ ಮಾಡ್ಕೋ’ ಅಂತ ಮಗುವಿಗೆ ಹೇಳುವುದು ತಲೆಕೆಳಗಾದ ನ್ಯಾಯ.

ಹುಡುಗನಿಗೆ ‘ಅವತ್ತು ನಾನೂ ನಕ್ಕೆ, ತಪ್ಪಾತು ತಮ್ಮಾ’ ಅಂದುಬಿಡಿ. ಆಮೇಲೆ ಆ ಮಾತು ಎಳೆಯಬೇಡಿ. ಆಟದಲ್ಲಿ ಅವನು ಗುಂಡು ತಗುಲಿ ನಾಕ್ ಆಗಿ ಬಿದ್ದಾಗ ಹೋಗಿ ರಿವೈವ್ ಮಾಡಿ, ಅಂದರೆ ಎಬ್ಬಿಸಿ. ಯಾವಾಗ ಗುಂಡು ಹಾರಿಸಬಾರದು ಅನ್ನುವುದನ್ನು ಒಂದು ಸಲಕ್ಕೆ ಒಂದೇ ವಿಷಯದಂತೆ ಕಲಿಸಿ. ಸುಮ್ಮನೆ ಗೆಲ್ಲಿಸಲು ಹೋಗಬೇಡಿ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇನ್ನು ನೀವು ನೇರವಾಗಿ ಕೇಳದಿದ್ದರೂ ಪತ್ರದ ತುಂಬ ಇರುವ ವಿಷಯ. ಒಬ್ಬ 23ರ ಗಂಡಸು, ಒಬ್ಬ ಹನ್ನೊಂದರ ಹುಡುಗ, ರಾತ್ರಿ ಹೊತ್ತು, ಮನೆಯವರಿಗೆ ಗೊತ್ತಿಲ್ಲದ ಗೆಳೆತನ. ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕೆಟ್ಟ ಉದ್ದೇಶದವರು ಮಕ್ಕಳನ್ನು ಹತ್ತಿರ ಮಾಡಿಕೊಳ್ಳುವುದೂ ಹೀಗೆಯೇ. ಎಲ್ಲರೂ ಬೈಯುವ ಕಡೆ ಒಬ್ಬ ಮಾತ್ರ ಚೆಂದಾಗಿ ಮಾತಾಡುತ್ತಾನೆ. ಆಟದೊಳಗಿನ ಹಣವಾದ ಯುಸಿ ಕೊಡಿಸುತ್ತಾನೆ. ನಂಬರ್ ತೆಗೆದುಕೊಳ್ಳುತ್ತಾನೆ. ಮನೇಲಿ ಹೇಳಬೇಡ ಅನ್ನುತ್ತಾನೆ. ಕೊನೆಗೆ ಫೋಟೋ ಕೇಳುತ್ತಾನೆ. ನೀವು ಇಂದು ನಂಬರ್ ಕೊಟ್ಟರೆ, ಆಟದಲ್ಲಿ ಸಿಕ್ಕ ಅಣ್ಣಂದಿರು ನಂಬರ್ ಕೊಡುವುದು ಮಾಮೂಲು ಅಂತ ಅವನು ಕಲಿಯುತ್ತಾನೆ. ಮುಂದಿನ ಅಣ್ಣ ಯಾರೋ, ಎಂಥವನೋ.

ಅದಕ್ಕೇ ನಿಮ್ಮ ಅಣ್ಣತನ ಆಟದೊಳಗೇ ಇರಲಿ. ಆಟದ ಮಾತು ಆಟದಲ್ಲಿ, ಸಾಧ್ಯವಾದಷ್ಟು ಟೀಮಿನ ಉಳಿದವರಿಗೂ ಕೇಳುವಂತೆ. ವಾಟ್ಸ್ಯಾಪ್ ಬೇಡ, ಇನ್‌ಸ್ಟಾಗ್ರಾಂ ಬೇಡ, ಯುಸಿ ಉಡುಗೊರೆಯೂ ಬೇಡ. ಅವನ ಶಾಲೆ, ಓಣಿ, ಮನೆ ವಿಷಯ ಕೇಳಬೇಡಿ. ಅವನಾಗಿ ಹೇಳಲು ಬಂದರೆ ‘ಇದನ್ನೆಲ್ಲಾ ಆಟದಾಗ ಯಾರಿಗೂ ಹೇಳಬಾರದು, ನನಗೂ’ ಅನ್ನಿ. ಮೈಕನ್ನು ಟೀಮಿಗೆ ಮಾತ್ರ ಕೇಳುವ ಹಾಗೆ ಇಡಲು ತೋರಿಸಿಕೊಡಿ. ಬೇರೆ ಯಾರೋ ಫೋಟೋ ಕೇಳಿದರು, ಹೆದರಿಸಿದರು ಅಂತ ಅವನೆಂದಾದರೂ ಹೇಳಿದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಸ್ಕ್ರೀನ್‌ಶಾಟ್ ತೆಗೆದು ಮನೆಯವರಿಗೆ ತೋರಿಸಲು ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಮಗುವೇ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು.

ಮನೆಯವರಿಗೆ ಗೊತ್ತಾಗಲೇಬೇಕು. 2023ರಲ್ಲಿ ಬಿಜಿಎಂಐ ಮತ್ತೆ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದ್ದರು. ಅಪ್ಪ-ಅವ್ವನ ಒಪ್ಪಿಗೆಯನ್ನು ಒಟಿಪಿ ಮೂಲಕ ಪಡೆಯುವ ನಿಯಮವೂ ಇತ್ತು. ಆದರೆ ಫೋನ್ ಅವ್ವನದೇ, ಒಟಿಪಿ ಬರುವುದೂ ಅದೇ ಫೋನಿಗೆ. ಇನ್ನೇನು ಹೇಳುವುದು? ರಾತ್ರಿ ಹತ್ತಕ್ಕೆ ಆರನೇ ಕ್ಲಾಸಿನವನು ಆಡುತ್ತಿದ್ದಾನೆ ಅಂದರೆ ಮನೆಯವರು ಮಲಗಿರಬೇಕು. ನೀವು ಅವನ ಜೊತೆ ಆಡುವ ಹೊತ್ತನ್ನು ಸಂಜೆ ಏಳಕ್ಕೆ ಸರಿಸಿ, ಅರ್ಧ ಗಂಟೆ ಸಾಕು. ಹತ್ತಕ್ಕೆ ಬಂದರೆ ‘ಮಲಕ್ಕೋ ಹೋಗು, ನಾಳೆ ಸಾಲಿ ಐತಿ’ ಅನ್ನಿ. ಬೇಜಾರಾಗುತ್ತಾನೆ, ಆಗಲಿ. ಒಂದು ಸಂಜೆ ಆಟ ಶುರುವಾಗುವ ಮೊದಲು ‘ಅವ್ವ ಅಲ್ಲೇ ಇದ್ರ ಮೈಕಿನಾಗ ಮಾತಾಡಸು’ ಅಂತ ಕೇಳಿ. ನೀವು ಯಾರು, ಮಗನ ಜೊತೆ ಏನು ಆಡುತ್ತೀರಿ ಅಂತ ನೇರವಾಗಿ ತಿಳಿಸಿ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಅವರ ಮಾತೇ ಕೊನೆ. ಹುಡುಗ ಗಾಬರಿಯಾಗಿ ಬ್ಯಾಡ್ರಿ ಅಂದರೆ ಒತ್ತಾಯ ಮಾಡಬೇಡಿ. ಆದರೆ ಅವ್ವನ ಜೊತೆ ಮಾತಾಡುವ ತನಕ ಆಟ ಕಡಿಮೆ ಮಾಡಿ, ಯಾಕೆ ಅಂತ ಅವನಿಗೂ ಹೇಳಿ.

ಜಾತ್ರೆಯಲ್ಲಿ ಭೇಟಿ? ಅವ್ವನಿಗೋ ಅಪ್ಪನಿಗೋ ನಿಮ್ಮ ಪರಿಚಯವಾಗಿದ್ದು, ಅವರೇ ಕರೆದರೆ ಹೋಗಿ. ತೇರಿನ ಗದ್ದಲದಲ್ಲಿ ಅವರ ಎದುರಿಗೇ ಮಾತಾಡಿಸಿ, ಬೇಕಾದರೆ ಒಂದು ಪ್ಲೇಟ್ ಮಿರ್ಚಿ ಕೊಡಿಸಿ ಬನ್ನಿ. ಹುಡುಗ ಒಬ್ಬನೇ ಗುಟ್ಟಾಗಿ ಕರೆದರೆ ಹೋಗಲೇಬೇಡಿ.

ರ‍್ಯಾಂಕ್ ವಿಷಯ ಮರೆತಿಲ್ಲ. ರ‍್ಯಾಂಕ್ ಮ್ಯಾಚುಗಳನ್ನು ಗೆಳೆಯರ ಜೊತೆ ಎಂದಿನಂತೆ ರಾತ್ರಿಯೇ ಆಡಿ, ಅದಕ್ಕೆ ಹುಡುಗನನ್ನು ಕರೆಯುವುದೇ ಬೇಡ. ಅವನ ಜೊತೆ ಅದೇ ಆಟದ ಟಿಡಿಎಂ (ಟೀಮ್ ಡೆತ್‌ಮ್ಯಾಚ್) ಆಡಿ. ನಾಲ್ವರಿಗೆ ನಾಲ್ವರು, ಬೇಗ ಮುಗಿಯುತ್ತದೆ, ಸತ್ತರೂ ಕೂಡಲೇ ಎದ್ದು ಆಡಬಹುದು, ನಿಮ್ಮ ಕ್ಲಾಸಿಕ್, ಅಂದರೆ ನೂರು ಜನರ ಮ್ಯಾಚಿನ, ರ‍್ಯಾಂಕಿಗೆ ಏನೂ ಆಗುವುದಿಲ್ಲ. ಸುಮ್ಸುಮ್ನೆ ಗುಂಡು ಹಾರಿಸುವ ಅವನ ಚಟಕ್ಕೂ ಅದೇ ಸರಿಯಾದ ಜಾಗ.